ಸೌದೆ ಒಲೆಯ ಪೈಪನ್ನು ಇಟ್ಟಿಗೆ ಚಿಮಣಿಗೆ ಜೋಡಿಸುವುದು ಹೇಗೆ: ಹಂತ ಹಂತವಾಗಿ

ಒಲೆ ಹೊಸದು, ಸೌದೆ ಚೆನ್ನಾಗಿ ಒಣಗಿದೆ, ಚಿಮಣಿಯೂ ಎತ್ತರವಾಗೇ ಇದೆ. ಆದರೂ ಒಲೆಯ ಬಾಗಿಲು ತೆಗೆದ ಕೂಡಲೇ ಹೊಗೆ ಮುಖಕ್ಕೆ ಹೊಡೆಯುತ್ತದೆ, ಇಲ್ಲವೇ ಪೈಪಿನ ಸಂದುಗಳಿಂದ ಕಪ್ಪು ನೀರು ಜಿನುಗುತ್ತದೆ. ಹೆಚ್ಚಿನವರು ಎಡವುವುದು ಕೆಲಸದ ಕ್ರಮದಲ್ಲಿ. ಒಲೆಯನ್ನು ಮೊದಲು ಇಷ್ಟ ಬಂದ ಕಡೆ ಇಟ್ಟು, ಅದರ ಮೇಲೆ ಪೈಪು ಏರಿಸುತ್ತಾ ಹೋಗಿ, ಪೈಪು ಎಲ್ಲಿ ಗೋಡೆ ಮುಟ್ಟಿತೋ ಅಲ್ಲಿ ತೂತು ಕೊರೆದು, ಸುತ್ತ ಸಿಮೆಂಟು ಮೆತ್ತಿಬಿಡುತ್ತಾರೆ. ಈ ಕೆಲಸ ತಿರುವುಮುರುವಾಗಿ ನಡೆಯಬೇಕು. ಮೊದಲು ಚಿಮಣಿ, ಆಮೇಲೆ ಗೋಡೆಯ ತೂತು, ಆಮೇಲೆ ಪೈಪಿನ ದಾರಿ. ಒಲೆ ಎಲ್ಲಿ ಕೂರಬೇಕು ಅನ್ನುವುದು ಕೊನೆಗೆ ತಾನಾಗಿ ಗೊತ್ತಾಗುತ್ತದೆ.

ಕೆಳಗಿನ ಅಂತರಗಳಲ್ಲಿ ಹೆಚ್ಚಿನವು ಅಮೆರಿಕದ ರಾಷ್ಟ್ರೀಯ ಅಗ್ನಿ ರಕ್ಷಣಾ ಸಂಘದ (ಎನ್‌ಎಫ್‌ಪಿಎ) 211ನೇ ಮಾನದಂಡವನ್ನು ಅನುಸರಿಸುತ್ತವೆ. ಒಲೆಯ ಜೊತೆ ಬಂದ ಕೈಪಿಡಿಯೋ ನಿಮ್ಮಲ್ಲಿನ ಕಟ್ಟಡ ನಿಯಮವೋ ಬೇರೆ ಹೇಳಿದರೆ ಅದನ್ನೇ ಪಾಲಿಸಿ.

ಬೇಕಾಗುವ ಸಾಮಾನು

ಪೈಪು ಕಪ್ಪು ಉಕ್ಕಿನದ್ದಾಗಿರಲಿ. 6 ಇಂಚಿನ ಪೈಪಿಗೆ 24 ಗೇಜ್ ತಗಡು ಒಳ್ಳೆಯ ಆಯ್ಕೆ. ಗೇಜ್ ಸಂಖ್ಯೆ ಜಾಸ್ತಿ ಆದಷ್ಟೂ ತಗಡು ತೆಳು ಅನ್ನುವುದು ನೆನಪಿರಲಿ. ಸತು ಲೇಪಿಸಿದ ಬಿಳಿ ತಗಡಿನ ಪೈಪು ಕೈಗೆ ಸುಲಭವಾಗಿ ಸಿಗುತ್ತದೆ ಅಂತ ತರಬೇಡಿ. ಜಾಸ್ತಿ ಬಿಸಿಗೆ ಆ ಲೇಪ ಕೆಟ್ಟು ಹೋಗುತ್ತದೆ, ಅದರಿಂದ ಏಳುವ ಹೊಗೆ ಮೈಗೆ ಒಳ್ಳೆಯದಲ್ಲ.

ಗೋಡೆಯ ತೂತಿನೊಳಗೆ ಕೂರಿಸಲು ಫೈರ್ ಕ್ಲೇಯ ಥಿಂಬಲ್ ಬೇಕು. ಇದು ಪೈಪು ಹೋಗಿ ಕೂರುವ ಸುಟ್ಟ ಮಣ್ಣಿನ ಬಳೆ, ದಪ್ಪ ಕನಿಷ್ಠ 5/8 ಇಂಚು, ಅಂದರೆ ಸುಮಾರು 16 ಮಿಲಿಮೀಟರ್. ಜೊತೆಗೆ ಬೆಂಕಿ ತಡೆಯುವ ಗಾರೆ, ಫರ್ನೇಸ್ ಸಿಮೆಂಟು, ಶಾಖ ತಡೆಯುವ ಗ್ಯಾಸ್ಕೆಟ್ ಹಗ್ಗ, ತಗಡಿಗೆ ಹಾಕುವ ಸ್ಕ್ರೂ, ಡ್ರಿಲ್, ಉಳಿ, ಸುತ್ತಿಗೆ, ಕರಣೆ, ತಗಡು ಕತ್ತರಿ, ರಸಮಟ್ಟ, ತೂಗುಗುಂಡು, ಟೇಪು, ಕನ್ನಡಿ, ಜೋರು ಬೆಳಕಿನ ಟಾರ್ಚು. ದಪ್ಪ ಚರ್ಮದ ಕೈಗವಸು ಮರೆಯಬೇಡಿ. ಕತ್ತರಿಸಿದ ತಗಡಿನ ಅಂಚು ಚಾಕುವಿನಷ್ಟೇ ಹರಿತ. ಇಟ್ಟಿಗೆ ಕೊರೆಯುವಾಗ ಕನ್ನಡಕ, ಧೂಳು ತಡೆಯುವ ಮಾಸ್ಕ್ ಎರಡೂ ಹಾಕಿಕೊಳ್ಳಿ.

ಮಾಮೂಲಿ ಸಿಮೆಂಟು ಗಾರೆ, ಪ್ಲಾಸ್ಟರ್, ಕಿಟಕಿಗೆ ಹಚ್ಚುವ ಸಿಲಿಕಾನ್, ಉಬ್ಬುವ ಫೋಮ್ ಇವು ಯಾವುವೂ ಬಿಸಿ ಪೈಪಿನ ಹತ್ತಿರ ಸುಳಿಯಬಾರದು. ಮೊದಲಿನವು ಬಿರುಕು ಬಿಟ್ಟು ಉದುರುತ್ತವೆ, ಫೋಮ್ ಹತ್ತಿಕೊಂಡು ಉರಿಯುತ್ತದೆ.

ಹಂತ 1: ಚಿಮಣಿಯ ಹೊಟ್ಟೆ ನೋಡಿ

ಕೆಳಗಿರುವ ಮಸಿ ತೆಗೆಯುವ ಬಾಗಿಲು ತೆರೆಯಿರಿ. ಮೊದಲು ಅಲ್ಲಿ ಬಿದ್ದಿರುವುದನ್ನು ಕೈಯಲ್ಲಿ ಹಿಡಿದು ನೋಡಿ. ಮೆತ್ತನೆಯ ಕಪ್ಪು ಪುಡಿ ಇದ್ದರೆ ಅದು ಬರೀ ಮಸಿ. ಕೆಂಪು ಅಥವಾ ಹಳದಿ ಬಣ್ಣದ ಹೆಂಚಿನಂಥ ಚೂರು, ಗಾರೆಯ ಹರಳು ಸಿಕ್ಕಿದರೆ ಒಳಗಿನ ಲೈನರ್, ಅಂದರೆ ಚಿಮಣಿಯ ಒಳಮೈಗೆ ಹಾಕಿದ ಸುಟ್ಟ ಮಣ್ಣಿನ ಕೊಳವೆ, ಒಡೆಯುತ್ತಿದೆ ಅಂತ ಅರ್ಥ. ಡಾಂಬರಿನ ಹಾಗೆ ಗಟ್ಟಿಯಾಗಿ ಹೊಳೆಯುವ ಪದರ ಕಂಡರೆ ಅದು ಹೆಪ್ಪುಗಟ್ಟಿದ ಕ್ರಿಯೋಸೋಟ್. ಸುಡದೆ ಉಳಿದ ಹೊಗೆ ತಣ್ಣಗಿನ ಗೋಡೆಗೆ ತಾಗಿ ಜಿಡ್ಡಾಗಿ ಕೂತಿದ್ದು ಅದು, ಹತ್ತಿಕೊಂಡರೆ ಚಿಮಣಿಯೇ ಉರಿಯುತ್ತದೆ. ಬ್ರಶ್ಶಿಗೆ ಅದು ಸುಲಭವಾಗಿ ಬರುವುದಿಲ್ಲ, ಚಿಮಣಿ ಶುಚಿ ಮಾಡುವ ಪರಿಣತರನ್ನೇ ಕರೆಸಬೇಕು.

ಆಮೇಲೆ ಕನ್ನಡಿಯನ್ನು ಓರೆಯಾಗಿ ಹಿಡಿದು ಮೇಲೆ ನೋಡಿ. ಆಕಾಶದ ತುಂಡು ಪೂರ್ತಿ ಕಾಣಬೇಕು. ಹಕ್ಕಿ ಗೂಡು, ಬಿದ್ದ ಇಟ್ಟಿಗೆ, ಓರೆಯಾದ ಲೈನರ್ ಇದ್ದರೆ ಇಲ್ಲೇ ತಿಳಿಯುತ್ತದೆ. ಒಳಗೆ ಲೈನರೇ ಇಲ್ಲದೆ ಬರೀ ಇಟ್ಟಿಗೆ ಕಂಡರೆ ಕೆಲಸ ನಿಲ್ಲಿಸಿ. ಲೈನರ್ ಇಲ್ಲದ ಚಿಮಣಿಗೆ ಒಲೆ ಜೋಡಿಸಬಾರದು. ಗಾರೆ ಸಂದಿನಲ್ಲಿ ಬಿಸಿ ಹೊಗೆ ಹಾದು ಪಕ್ಕದ ಮರ ಮುಟ್ಟುತ್ತದೆ.

ಇದೇ ಚಿಮಣಿಗೆ ಇನ್ನೊಂದು ಒಲೆಯೋ ಬಾಯ್ಲರೋ ಜೋಡಣೆ ಆಗಿದೆಯಾ, ಅದನ್ನೂ ನೋಡಿ. ಒಂದು ಹೊಗೆದಾರಿಗೆ ಒಂದೇ ಒಲೆ. ಮೇಲಿನ ಕೋಣೆಯಲ್ಲಿ ಹಿಂದೆ ಯಾರೋ ಬಿಟ್ಟುಹೋದ ಹಳೆಯ ತೂತು ಇದ್ದರೆ ಅದನ್ನು ತಗಡಿನ ಮುಚ್ಚಳ ಹಾಕಿ ಸುಮ್ನೆ ಬಿಡಬೇಡಿ, ಇಟ್ಟಿಗೆ ಗಾರೆ ಹಾಕಿ ಪೂರ್ತಿ ಮುಚ್ಚಿ. ಆ ತೂತಿನಿಂದ ಒಳಹೋಗುವ ತಣ್ಣನೆ ಗಾಳಿ ಚಿಮಣಿಯ ಎಳೆತವನ್ನೇ ಕೊಲ್ಲುತ್ತದೆ.

ಚಾವಣಿ ಮೇಲೂ ಒಂದು ಲೆಕ್ಕ ಇದೆ. ಚಿಮಣಿಯ ತುದಿ ಚಾವಣಿಯಿಂದ ಹೊರಬರುವ ಜಾಗಕ್ಕಿಂತ 3 ಅಡಿಯಾದರೂ ಮೇಲಿರಬೇಕು. ಜೊತೆಗೆ 10 ಅಡಿ ದೂರದೊಳಗಿನ ಯಾವುದೇ ಚಾವಣಿ ಏಣು ಅಥವಾ ಗೋಡೆಗಿಂತ 2 ಅಡಿ ಎತ್ತರ ಇರಬೇಕು.

ಹಂತ 2: ಹೊಗೆದಾರಿ ಒಲೆಗೆ ಹೊಂದುತ್ತದಾ, ಲೆಕ್ಕ ಹಾಕಿ

ಈ ಹಂತವನ್ನು ಬಿಟ್ಟುಬಿಡುವವರೇ ಜಾಸ್ತಿ. ಚಿಮಣಿ ದೊಡ್ಡದಾದಷ್ಟೂ ಹೊಗೆ ಚೆನ್ನಾಗಿ ಹೋಗುತ್ತದೆ ಅಂತ ಅನ್ನಿಸುವುದು ಸಹಜ. ಆದರೆ ಸಣ್ಣ ಒಲೆಯಿಂದ ಬಂದ ಹೊಗೆ ಅಗಲವಾದ ಜಾಗದಲ್ಲಿ ಹರಡಿ, ನಿಧಾನವಾಗಿ, ತಣ್ಣಗಾಗಿ ಬಿಡುತ್ತದೆ. ತಣ್ಣಗಾದ ಹೊಗೆಗೆ ಮೇಲೇರುವ ಬಲ ಇಲ್ಲ. ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಂದರೆ ಅದು ಗೋಡೆಗೆ ಜಿಡ್ಡಾಗಿ ಅಂಟತೊಡಗುತ್ತದೆ.

ನಿಯಮ ಹೀಗಿದೆ. ಚಿಮಣಿ ಪೂರ್ತಿ ಮನೆಯೊಳಗೇ ಇದ್ದರೆ ಹೊಗೆದಾರಿಯ ವಿಸ್ತೀರ್ಣ ಒಲೆಯ ಹೊಗೆಬಾಯಿಯ 3 ಪಟ್ಟು ಮೀರಬಾರದು. ಚಿಮಣಿಯ ಒಂದಾದರೂ ಮಗ್ಗುಲು ಚಾವಣಿಗಿಂತ ಕೆಳಗೆ ಹೊರಗಿನ ಗಾಳಿಗೆ ತೆರೆದಿದ್ದರೆ 2 ಪಟ್ಟು ಮೀರಬಾರದು.

ಒಂದು ಲೆಕ್ಕ ಮಾಡಿ ನೋಡೋಣ. ಒಲೆಯ ಹೊಗೆಬಾಯಿ 6 ಇಂಚು. ಅದರ ವಿಸ್ತೀರ್ಣ ಸುಮಾರು 28 ಚದರ ಇಂಚು. ಒಳಗಿನ ಚಿಮಣಿಗೆ 85ರವರೆಗೆ, ಹೊರಗಿನದಕ್ಕೆ 56ರವರೆಗೆ ನಡೆಯುತ್ತದೆ. ನಿಮ್ಮ ಲೈನರಿನ ಒಳ ಅಳತೆ 8 ಇಂಚಿಗೆ 8 ಇಂಚು, ಅಂದರೆ 64. ಚಿಮಣಿ ಮನೆಯೊಳಗಿದ್ದರೆ ಇದು ಸರಿ, ಹೊರಗೋಡೆಗೆ ಅಂಟಿಕೊಂಡಿದ್ದರೆ ಜಾಸ್ತಿ ಆಯಿತು. ಒಳ ಅಳತೆ 12 ಇಂಚಿಗೆ 12 ಇಂಚು ಇದ್ದರೆ 144, ಅಂದರೆ 5 ಪಟ್ಟು. ಅದಕ್ಕೆ ಪೈಪನ್ನು ಎಷ್ಟೇ ಚೆನ್ನಾಗಿ ಜೋಡಿಸಿದರೂ ತೊಂದರೆ ತಪ್ಪಿದ್ದಲ್ಲ.

ಲೆಕ್ಕ ಮೀರಿದರೆ ಒಲೆಯ ಹೊಗೆಬಾಯಿಯಷ್ಟೇ ಅಳತೆಯ ಸ್ಟೇನ್‌ಲೆಸ್ ಸ್ಟೀಲ್ ಲೈನರನ್ನು ಮೇಲಿನಿಂದ ಕೆಳಗಿನವರೆಗೆ ಇಳಿಬಿಡುವುದು ಸರಿಯಾದ ದಾರಿ. ಹೊರಗೋಡೆಯ ಚಿಮಣಿಯಾದರೆ ಲೈನರಿನ ಸುತ್ತ ಶಾಖ ತಡೆಯುವ ಹೊದಿಕೆಯೂ ಬೇಕು. ಖರ್ಚು ಬರುತ್ತದೆ, ನಿಜ. ಆದರೂ ಹಳೆಯ ಚಿಮಣಿ ಬಗ್ಗೆ ಸ್ವಲ್ಪ ಅನುಮಾನ ಇದ್ದರೂ ನಾನು ಇದನ್ನೇ ಮಾಡಿ ಅನ್ನುತ್ತೇನೆ. ಒಡೆದ ಲೈನರಿನ ತಲೆನೋವೂ ಇದರಿಂದಲೇ ತೀರುತ್ತದೆ.

ಹಂತ 3: ತೂತಿನ ಜಾಗ ಗುರುತು ಮಾಡಿ

ಒಂಟಿ ತಗಡಿನ ಪೈಪು, ಅಂದರೆ ಒಂದೇ ಪದರದ ಪೈಪು, ಹತ್ತಿಕೊಳ್ಳುವ ಯಾವುದೇ ವಸ್ತುವಿನಿಂದ 18 ಇಂಚು ದೂರ ಇರಬೇಕು. ಮರದ ಚಾವಣಿಗೂ ಇದೇ ಲೆಕ್ಕ. 6 ಇಂಚಿನ ಪೈಪಾದರೆ ಅದರ ಮೇಲಂಚಿನಿಂದ ಚಾವಣಿಗೆ 18 ಇಂಚು ಬಿಟ್ಟರೆ, ತೂತಿನ ನಡುಬಿಂದು ಚಾವಣಿಯಿಂದ ಕಡಿಮೆ ಅಂದರೂ 21 ಇಂಚು ಕೆಳಗೆ ಬರುತ್ತದೆ. ಇದು ಮೇಲಿನ ಮಿತಿ. ಆ ಮಿತಿಯೊಳಗೆ ತೂತು ಎಷ್ಟು ಎತ್ತರದಲ್ಲಿದ್ದರೆ ಅಷ್ಟು ಒಳ್ಳೆಯದು, ಯಾಕೆಂದರೆ ಒಲೆಯಿಂದ ಹೊಗೆ ನೇರ ಮೇಲೇರಿದಷ್ಟೂ ಎಳೆತ ಬೇಗ ಹಿಡಿಯುತ್ತದೆ. ಮೊದಲ ಬೆಂಡಿಗೆ ಮುಂಚೆ 2 ಅಡಿಯಾದರೂ ನೇರ ಏರಿಕೆ ಸಿಗುವ ಹಾಗೆ ನೋಡಿಕೊಳ್ಳಿ.

ಇಲ್ಲಿ ಕಣ್ಣು ಮೋಸ ಮಾಡುವ ಒಂದು ಸಂಗತಿ ಇದೆ. ಗೋಡೆ ಗಿಲಾವು ಮಾಡಿದ್ದರೆ ಅದು ಇಟ್ಟಿಗೆ ಗೋಡೆಯೇ ಅಂತ ನಂಬಿಬಿಡುತ್ತೇವೆ, ಅಲ್ವಾ? ಹಿಂದೆ ಮರದ ಚೌಕಟ್ಟು ಇರಬಹುದು. ಗೋಡೆ ತಟ್ಟಿ ನೋಡಿ, ಅನುಮಾನ ಬಂದರೆ ಸಣ್ಣ ತೂತು ಕೊರೆದು ಪುಡಿಯ ಬಣ್ಣ ನೋಡಿ. ಕೆಂಪು ಪುಡಿ ಬಂದರೆ ಇಟ್ಟಿಗೆ, ಬಿಳಿ ಪುಡಿ ಬಂದು ಆಮೇಲೆ ಡ್ರಿಲ್ ಗಾಳಿಯಲ್ಲಿ ಒಳನುಗ್ಗಿದರೆ ಹಿಂದೆ ಟೊಳ್ಳು.

ಚಿಮಣಿಗೂ ಕೋಣೆಗೂ ನಡುವೆ ಮರದ ಗೋಡೆ ಇದ್ದರೆ ಥಿಂಬಲ್ ಸುತ್ತ ಎಲ್ಲಾ ಕಡೆ 12 ಇಂಚು ಗಟ್ಟಿ ಇಟ್ಟಿಗೆ ಕಟ್ಟಬೇಕು. 6 ಇಂಚಿನ ಪೈಪಿಗೆ ಮರದ ಗೋಡೆಯಲ್ಲಿ ಸುಮಾರು 32 ಇಂಚು ಅಗಲ, ಅಷ್ಟೇ ಎತ್ತರದ ಕಿಂಡಿ ಬೇಕಾಗುತ್ತದೆ. ಇಷ್ಟು ದೊಡ್ಡ ಕಿಂಡಿ ಯಾಕೆ ಅಂತ ತುಂಬಾ ಜನ ಅದನ್ನು ಚಿಕ್ಕದು ಮಾಡುತ್ತಾರೆ. ಮರ ವರ್ಷಗಟ್ಟಲೆ ಬಿಸಿ ತಿಂದು ಒಳಗೊಳಗೇ ಕರಿಯಾಗುತ್ತಾ ಬಂದರೆ, ಹೊಸ ಮರಕ್ಕಿಂತ ಕಡಿಮೆ ಬಿಸಿಗೇ ಹತ್ತಿಕೊಳ್ಳುತ್ತದೆ. ಮೊದಲ ವರ್ಷ ಏನೂ ಆಗಲಿಲ್ಲ ಅನ್ನುವುದು ಸುರಕ್ಷಿತ ಅನ್ನುವುದಕ್ಕೆ ಸಾಕ್ಷಿಯಲ್ಲ. ಅಷ್ಟು ಜಾಗ ಇಲ್ಲದಿದ್ದರೆ ಗೋಡೆ ದಾಟಲೆಂದೇ ತಯಾರಿಸಿ ಪರೀಕ್ಷಿಸಿದ ಕಿಟ್ ಬಳಸಿ.

ಹಂತ 4: ತೂತು ಕೊರೆದು ಥಿಂಬಲ್ ಕೂರಿಸಿ

ಥಿಂಬಲಿನ ಹೊರ ಅಳತೆಗಿಂತ ಸುತ್ತಲೂ ಅರ್ಧ ಇಂಚು ದೊಡ್ಡದಾಗಿ ವೃತ್ತ ಎಳೆಯಿರಿ. ಇಟ್ಟಿಗೆಯಲ್ಲಿ ವೃತ್ತದ ಗೆರೆ ಮೇಲೆ ಒತ್ತೊತ್ತಾಗಿ ಸಣ್ಣ ತೂತು ಕೊರೆದು, ಉಳಿಯಿಂದ ನಡುವಿನದ್ದನ್ನು ಬಿಡಿಸಿ. ಒಳಗಿನ ಮಣ್ಣಿನ ಲೈನರ್ ಸಿಕ್ಕ ಕೂಡಲೇ ಕೈ ಹಗುರ ಮಾಡಿ. ಡ್ರಿಲ್ಲಿನ ಹೊಡೆತದ ಗುಂಡಿ ಆಫ್ ಮಾಡಿ, ಬರೀ ತಿರುಗಿಸಿಯೇ ಕೊರೆಯಿರಿ. ಸುತ್ತಿಗೆಯಿಂದ ಒಂದು ಪೆಟ್ಟು ಜೋರಾಗಿ ಬಿದ್ದರೂ ಲೈನರ್ ಉದ್ದಕ್ಕೂ ಸೀಳುತ್ತದೆ. ಹಳೆಯ ಮನೆಯಲ್ಲಿ ಬೂದು ಬಣ್ಣದ ನಾರಿನ ಹಾಳೆಯೋ ಹಗ್ಗವೋ ಸಿಕ್ಕರೆ ಅದು ಕಲ್ನಾರು ಇರಬಹುದು. ಅದನ್ನು ಒಡೆಯಬೇಡಿ, ಉಜ್ಜಬೇಡಿ, ಪರೀಕ್ಷೆ ಮಾಡಿಸಿ.

ತೂತಿನ ಸುತ್ತ ಇಟ್ಟಿಗೆಗೆ ನೀರು ಚಿಮುಕಿಸಿ, ಬೆಂಕಿ ತಡೆಯುವ ಗಾರೆ ಹಚ್ಚಿ, ಥಿಂಬಲನ್ನು ನಿಧಾನವಾಗಿ ತಿರುಗಿಸುತ್ತಾ ಒಳಗೆ ತಳ್ಳಿ. ಚಿಮಣಿಯ ಕಡೆ ಕೂದಲೆಳೆಯಷ್ಟು ಏರು ಇರಲಿ. ಈಗ ಕೈ ಒಳಗೆ ಹಾಕಿ, ಥಿಂಬಲಿನ ಒಳತುದಿ ಲೈನರಿಗೆ ಸೇರುವ ಕಡೆ ಬೆರಳು ಆಡಿಸಿ. ಮೆಟ್ಟಿಲೂ ತಾಗಬಾರದು, ಗುಳಿಯೂ ಸಿಗಬಾರದು. ಎರಡೂ ಒಂದೇ ಸಮನಾಗಿರಬೇಕು. ಥಿಂಬಲ್ ಒಳಗೆ ಚಾಚಿಕೊಂಡರೆ ಹೊಗೆದಾರಿ ಅಲ್ಲಿ ಕಿರಿದಾಗಿ, ಆ ತುಟಿಯ ಮೇಲೆ ಮಸಿ ಗುಡ್ಡೆ ಬೀಳುತ್ತದೆ. ಬೆರಳಲ್ಲಿ ಉಬ್ಬಿ ಬಂದ ಗಾರೆಯನ್ನೂ ಆಗಲೇ ಒರೆಸಿ ತೆಗೆಯಿರಿ, ಒಣಗಿದ ಮೇಲೆ ಕೈ ತಲುಪುವುದಿಲ್ಲ.

ಕೊರೆದಾಗ ಬಿದ್ದ ಚೂರನ್ನೆಲ್ಲ ಕೆಳಗಿನ ಬಾಗಿಲಿನಿಂದ ತೆಗೆದುಬಿಡಿ. ಗಾರೆ ಡಬ್ಬದ ಮೇಲೆ ಬರೆದಷ್ಟು ದಿನ ಒಣಗಲು ಬಿಡಿ, ಆತುರ ಬೇಡ.

ಹಂತ 5: ಪೈಪನ್ನು ಸ್ಕ್ರೂ ಇಲ್ಲದೆ ಜೋಡಿಸಿ ನೋಡಿ

ಪೈಪಿನ ಒಂದು ತುದಿಗೆ ನೆರಿಗೆ ಇರುತ್ತದೆ, ಇನ್ನೊಂದು ಸಾದಾ. ನೆರಿಗೆ ತುದಿ ಯಾವಾಗಲೂ ಒಲೆಯ ಕಡೆಗೆ, ಅಂದರೆ ಕೆಳಗೆ. ಹೊಗೆ ಮೇಲೆ ಹೋಗುತ್ತದೆ, ಹಾಗಾಗಿ ಸಣ್ಣ ತುದಿ ಮೇಲಿರಬೇಕು ಅಂತ ತರ್ಕ ಮಾಡಿ ಉಲ್ಟಾ ಹಾಕುವವರು ಎಷ್ಟೋ ಜನ. ನಾವು ನೋಡಬೇಕಾದ್ದು ಕೆಳಗೆ ಇಳಿಯುವ ಜಿಡ್ಡನ್ನು. ನೆರಿಗೆ ಕೆಳಗಿದ್ದರೆ ಜಿಡ್ಡು ಪೈಪಿನ ಒಳಗೇ ಜಾರಿ ಒಲೆಗೆ ಬಿದ್ದು ಸುಟ್ಟುಹೋಗುತ್ತದೆ. ಉಲ್ಟಾ ಇದ್ದರೆ ಪ್ರತಿ ಸಂದಿನಲ್ಲೂ ಹೊರಗೆ ಸೋರಿ, ಪೈಪಿನ ಮೇಲೆ ಕಂದು ಗೆರೆ ಬಿಟ್ಟು, ಕೋಣೆಯೆಲ್ಲ ಕಮಟು ವಾಸನೆ ಹೊಡೆಯುತ್ತದೆ. ಆ ಕಂದು ಗೆರೆ ಕಂಡಲ್ಲಿ ಸಂದಿಗೆ ಸಿಮೆಂಟು ಮೆತ್ತಿ ಪ್ರಯೋಜನವಿಲ್ಲ, ಪೈಪು ಬಿಚ್ಚಿ ತಿರುಗಿಸಿಯೇ ಹಾಕಬೇಕು.

ಈ ಲೆಕ್ಕದಲ್ಲಿ ಥಿಂಬಲಿನೊಳಗೆ ಹೋಗುವುದು ಸಾದಾ ತುದಿ. ಥಿಂಬಲ್ ತರುವಾಗಲೇ ಸಾದಾ ತುದಿ ಅದರೊಳಗೆ ಹಿಡಿಸುತ್ತದಾ ನೋಡಿಕೊಂಡು ತನ್ನಿ.

ಒಲೆಯ ಹೊಗೆಬಾಯಿ ಎಷ್ಟಿದೆಯೋ ಪೈಪೂ ಅಷ್ಟೇ ಇರಬೇಕು, ಎಲ್ಲಿಯೂ ಚಿಕ್ಕದಾಗಬಾರದು. 90 ಡಿಗ್ರಿ ಬೆಂಡು ಎರಡಕ್ಕಿಂತ ಜಾಸ್ತಿ ಬೇಡ. ಸಾಧ್ಯವಾದರೆ 45 ಡಿಗ್ರಿಯ ಎರಡು ಬೆಂಡು ಹಾಕಿ ದಾರಿಯನ್ನು ಓರೆಯಾಗಿ ಒಯ್ಯಿರಿ. ಅಡ್ಡ ಹೋಗುವ ಪೈಪು ಅಡಿಗೆ ಕಾಲು ಇಂಚಿನಂತೆ ಚಿಮಣಿ ಕಡೆ ಏರುತ್ತಿರಬೇಕು. ರಸಮಟ್ಟ ಇಟ್ಟೇ ನೋಡಿ, ಕಣ್ಣಳತೆ ಇಲ್ಲಿ ನಡೆಯುವುದಿಲ್ಲ. ಅಡ್ಡ ಪೈಪು ಆದಷ್ಟು ಚಿಕ್ಕದಿರಲಿ. ತೂತಿನಿಂದ ಮೇಲಿರುವ ಚಿಮಣಿಯ ಎತ್ತರದ ಮುಕ್ಕಾಲು ಭಾಗ ಅನ್ನುವುದು ಮೀರಬಾರದ ಮಿತಿ. ಅಷ್ಟು ದೂರ ಒಯ್ಯಬಹುದು ಅನ್ನುವ ಸಲಹೆ ಅಂತ ಅದನ್ನು ಓದಬೇಡಿ. ಒಂಟಿ ತಗಡಿನ ಪೈಪನ್ನು ಅಟ್ಟ, ಬೀರು, ಸುಳ್ಳು ಚಾವಣಿ ಇಂಥ ಕಣ್ಣಿಗೆ ಕಾಣದ ಜಾಗದೊಳಗೆ ಹಾಯಿಸಲೇಬಾರದು.

ಉದ್ದಕ್ಕೂ ತೆರೆದಿದ್ದು ಅಂಚುಗಳನ್ನು ಒಂದಕ್ಕೊಂದು ಸಿಕ್ಕಿಸಿ ಮುಚ್ಚುವ ಮಡಿಕೆಯ ಪೈಪು ತಂದಿದ್ದರೆ ಉದ್ದ ಕತ್ತರಿಸುವ ಕೆಲಸವನ್ನು ಅದನ್ನು ಮುಚ್ಚುವ ಮುಂಚೆಯೇ ಮುಗಿಸಿ, ಕತ್ತರಿಸುವುದೂ ಸಾದಾ ತುದಿಯ ಕಡೆಯಿಂದಲೇ. ನೇರ ಪೈಪಿನಲ್ಲಿ ಮಡಿಕೆ ಗೋಡೆ ಕಡೆಗಿರಲಿ, ಅಡ್ಡ ಪೈಪಿನಲ್ಲಿ ಮೇಲ್ಮುಖವಾಗಿರಲಿ. ನೇರ ಭಾಗದಲ್ಲಿ ಒಂದರೊಳಗೊಂದು ಜಾರುವ ತುಂಡು ಹಾಕಿಕೊಂಡರೆ ಶುಚಿ ಮಾಡುವಾಗ ಒಲೆ ಅಲ್ಲಾಡಿಸದೆ ಪೈಪು ಬಿಚ್ಚಬಹುದು. ನನಗೆ ಇದು ಐಚ್ಛಿಕ ಅನ್ನಿಸುವುದಿಲ್ಲ. ಬಿಚ್ಚಲು ಕಷ್ಟವಾದ ಪೈಪನ್ನು ಯಾರೂ ಶುಚಿ ಮಾಡುವುದಿಲ್ಲ.

ಈಗ ಒಲೆಯನ್ನು ಪೈಪಿನ ಕೆಳಗೆ ತನ್ನಿ. ತೂಗುಗುಂಡು ಇಳಿಬಿಟ್ಟು ಹೊಗೆಬಾಯಿಯ ನಡುವಿಗೆ ಸರಿಯಾಗಿ ಬರುತ್ತದಾ ನೋಡಿ. ಅಂತರದ ಬಗ್ಗೆ ಕೈಪಿಡಿ ಏನೂ ಹೇಳದಿದ್ದರೆ ಒಲೆಯಿಂದ ಮರದ ಗೋಡೆಗೆ 36 ಇಂಚು ಬಿಡಿ. ಜಾಗ ಸಾಲದಿದ್ದರೆ ಗೋಡೆಗೂ ತಗಡಿಗೂ ನಡುವೆ 1 ಇಂಚು ಗಾಳಿ ಓಡಾಡುವ ಹಾಗೆ ತಗಡಿನ ತಡೆ ನಿಲ್ಲಿಸಿ ಅಂತರ ಕಡಿಮೆ ಮಾಡಬಹುದು. ತಗಡನ್ನು ನೇರ ಗೋಡೆಗೆ ಹೊಡೆದರೆ ಏನೂ ಉಪಯೋಗವಿಲ್ಲ, ಬಿಸಿ ಸೀದಾ ಮರಕ್ಕೆ ಹೋಗುತ್ತದೆ.

ಹಂತ 6: ಸ್ಕ್ರೂ ಹಾಕಿ, ಸಂದು ಮುಚ್ಚಿ

ಪ್ರತಿ ಸಂದಿಗೆ ಮೂರು ಸ್ಕ್ರೂ, ಸುತ್ತ ಸಮ ಅಂತರದಲ್ಲಿ. ಒಲೆಯ ಹೊಗೆಬಾಯಿಯ ಸಂದಿಗೂ ಮೂರು. ಪೈಪು ಗಟ್ಟಿಯಾಗಿ ಕೂತಿದೆ, ಸ್ಕ್ರೂ ಯಾಕೆ ಅನ್ನಬೇಡಿ. ಚಿಮಣಿ ಹತ್ತಿಕೊಂಡಾಗ ಪೈಪು ಗಡಗಡ ನಡುಗುತ್ತದೆ, ಆಗ ಸಂದು ಬಿಟ್ಟುಕೊಂಡರೆ ಬೆಂಕಿ ಕೋಣೆಯೊಳಗೇ ಬರುತ್ತದೆ.

ಥಿಂಬಲಿನೊಳಗೆ ಪೈಪು ಎಷ್ಟು ಹೋಗಬೇಕು ಅನ್ನುವುದನ್ನು ಮೊದಲೇ ಅಳೆಯಿರಿ. ಗೋಡೆ ಮುಖದಿಂದ ಹೊಗೆದಾರಿಯ ಒಳಮೈಗೆ 9 ಇಂಚು ಅಂದುಕೊಳ್ಳಿ. ಪೈಪಿನ ತುದಿಯಿಂದ 9 ಇಂಚಿಗೆ ಸ್ವಲ್ಪ ಒಳಗೇ ಒಂದು ಗೆರೆ ಎಳೆಯಿರಿ, ಆ ಗೆರೆ ಗೋಡೆಗೆ ಬಂದ ಕೂಡಲೇ ತಳ್ಳುವುದು ನಿಲ್ಲಿಸಿ. ಇನ್ನೂ ಸ್ವಲ್ಪ ಭದ್ರವಾಗಲಿ ಅಂತ ತಳ್ಳಿದರೆ ಪೈಪಿನ ಬಾಯಿ ಎದುರು ಗೋಡೆಗೆ ಹತ್ತಿರವಾಗಿ ಹೊಗೆ ಉಸಿರು ಕಟ್ಟುತ್ತದೆ. ಹೊಸ ಒಲೆ ಹೊಗೆ ಉಗುಳುತ್ತಿದ್ದರೆ ನಾನು ಮೊದಲು ಅನುಮಾನಪಡುವುದು ಇದನ್ನೇ.

ಥಿಂಬಲಿಗೂ ಪೈಪಿಗೂ ನಡುವಿನ ಸಂದಿಗೆ ಗ್ಯಾಸ್ಕೆಟ್ ಹಗ್ಗ ತುರುಕಿ, ಮೇಲೆ ತೆಳ್ಳಗೆ ಫರ್ನೇಸ್ ಸಿಮೆಂಟು ಸವರಿ. ಪೂರ್ತಿ ಗಾರೆಯಲ್ಲಿ ಬಂಧಿಸಬೇಡಿ. 1 ಮೀಟರ್ ಉಕ್ಕಿನ ಪೈಪಿನ ಬಿಸಿ 300 ಡಿಗ್ರಿ ಏರಿದರೆ ಅದು 3.5 ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ಜರುಗಲು ಜಾಗ ಇಲ್ಲದಿದ್ದರೆ ಥಿಂಬಲನ್ನೇ ಸೀಳುತ್ತದೆ.

ಹಂತ 7: ಬೆಂಕಿ ಹಾಕುವ ಮುಂಚೆ, ಹಾಕಿದ ಮೇಲೆ

ಹೊಗೆ ಮತ್ತು ಕಾರ್ಬನ್ ಮಾನಾಕ್ಸೈಡ್ ಅಲಾರಂ ಎರಡನ್ನೂ ಮೊದಲು ಹಾಕಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಮೂಗನ್ನು ನಂಬಿ ಕೂರುವ ಹಾಗಿಲ್ಲ.

ಒಂದು ಕಾಗದದ ಸುರುಳಿ ಹೊತ್ತಿಸಿ ಒಲೆಯೊಳಗೆ, ಹೊಗೆಬಾಯಿಯ ಹತ್ತಿರ ಹಿಡಿಯಿರಿ. ಹೊಗೆ ಮೇಲೆ ಎಳೆದುಕೊಂಡರೆ ಸರಿ. ವಾಪಸ್ ಬಂದರೆ ಚಿಮಣಿ ತಣ್ಣಗಿದೆ, ಇನ್ನೆರಡು ಕಾಗದ ಸುಟ್ಟು ಬಿಸಿ ಮಾಡಿ. ಆಗಲೂ ಬಂದರೆ ಅಡುಗೆಮನೆ, ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಆಫ್ ಮಾಡಿ, ಒಂದು ಕಿಟಕಿ ತೆಗೆದು ಮತ್ತೆ ನೋಡಿ. ಆಗ ಸರಿಹೋದರೆ ತೊಂದರೆ ಪೈಪಿನದ್ದಲ್ಲ, ಮನೆಯೊಳಗೆ ಗಾಳಿ ಸಾಲುತ್ತಿಲ್ಲ.

ಮೊದಲ ಎರಡು ಮೂರು ಸಲ ಸಣ್ಣ ಬೆಂಕಿ ಸಾಕು. ಪೈಪಿನ ಬಣ್ಣ ಬಿಸಿಗೆ ಗಟ್ಟಿಯಾಗುವಾಗ ಹೊಗೆ, ವಾಸನೆ ಬರುತ್ತದೆ, ಕಿಟಕಿ ತೆಗೆದಿಡಿ. ಪೈಪಿನ ಮೇಲೆ, ಒಲೆಯಿಂದ 18 ಇಂಚು ಎತ್ತರದಲ್ಲಿ ಮ್ಯಾಗ್ನೆಟ್ ಥರ್ಮಾಮೀಟರ್ ಅಂಟಿಸಿ. ಒಂಟಿ ತಗಡಿನ ಮೇಲ್ಮೈ 120ರಿಂದ 240 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದರೆ ಒಲೆ ಚೆನ್ನಾಗಿ ಉರಿಯುತ್ತಿದೆ. ಸೌದೆಯಲ್ಲಿ ತೇವ 20 ಶೇಕಡಾಕ್ಕಿಂತ ಜಾಸ್ತಿ ಇದ್ದರೆ ಆ ಬಿಸಿ ಹತ್ತುವುದು ಕಷ್ಟ.

ಉರಿಯುವಾಗ ಮೇಣದಬತ್ತಿ ಹಿಡಿದು ಪ್ರತಿ ಸಂದಿನ ಸುತ್ತ ನಿಧಾನವಾಗಿ ಸುತ್ತಿಸಿ. ಜ್ವಾಲೆ ಸಂದಿನ ಕಡೆ ವಾಲಿದರೆ ಅಲ್ಲಿ ತಣ್ಣನೆ ಗಾಳಿ ಒಳಹೋಗುತ್ತಿದೆ, ಒಲೆ ಆರಿದ ಮೇಲೆ ಆ ಸಂದು ಬಿಗಿ ಮಾಡಿ. ಒಂದು ಗಂಟೆ ಜೋರು ಬೆಂಕಿ ಉರಿದ ಮೇಲೆ ಹತ್ತಿರದ ಮರದ ಗೋಡೆ, ಚಾವಣಿಗೆ ಅಂಗೈ ಇಟ್ಟು ನೋಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಅಂತರ ಸಾಲದು.

ಹಳೆಯ ಬೆಂಕಿಗೂಡಿನೊಳಗೆ ಪೈಪು ಹಾಕುವುದಾದರೆ

ಗೋಡೆಯಲ್ಲಿ ಕಟ್ಟಿದ ತೆರೆದ ಬೆಂಕಿಗೂಡು ಇದ್ದರೆ ಪೈಪಿನ ತುದಿಯನ್ನು ಅದರ ಬಾಯೊಳಗೆ ತೂರಿಸಿ, ಸುತ್ತ ತಗಡು ಮುಚ್ಚಿಬಿಡುವ ರೂಢಿ ಇದೆ. ಇದು ಅಪಾಯ. ಹೊಗೆ ಗೂಡಿನ ಖಾಲಿ ಜಾಗದಲ್ಲೆಲ್ಲ ಹರಡಿ ತಣ್ಣಗಾಗಿ, ಕಣ್ಣಿಗೆ ಕಾಣದ ಮೂಲೆಯಲ್ಲಿ ಜಿಡ್ಡು ಪೇರಿಸುತ್ತದೆ, ಅದನ್ನು ತೆಗೆಯಲು ಒಲೆಯನ್ನೇ ಎಳೆಯಬೇಕು. ಪೈಪು ಕಡಿಮೆ ಅಂದರೂ ಗೂಡಿನ ಮೇಲಿನ ಮೊದಲ ಲೈನರ್ ತುಂಡಿನೊಳಗೆ ಹೋಗಿ ಮುಟ್ಟಬೇಕು, ಡ್ಯಾಂಪರ್ (ಹೊಗೆದಾರಿಯನ್ನು ತೆರೆದು ಮುಚ್ಚುವ ತಗಡು) ಇರುವ ಜಾಗವನ್ನು ಬೆಂಕಿ ಹಿಡಿಯದ ವಸ್ತುವಿನಿಂದ ಬಿಗಿಯಾಗಿ ಮುಚ್ಚಬೇಕು, ಹಂತ 2ರ ಲೆಕ್ಕವೂ ಹೊಂದಬೇಕು. ಹೆಚ್ಚಿನ ಬೆಂಕಿಗೂಡುಗಳ ಹೊಗೆದಾರಿ ಒಲೆಗೆ ತೀರಾ ದೊಡ್ಡದು. ಹಾಗಾಗಿ ಇಲ್ಲಿ ತುದಿಯವರೆಗೂ ಸ್ಟೀಲ್ ಲೈನರ್ ಹಾಕುವುದೇ ಸರಿ.

ಈ ಸೂಚನೆ ಕಂಡರೆ ಒಲೆ ಉರಿಸಬೇಡಿ

ಚಿಮಣಿಯ ಹೊರಮೈ ಮೇಲೆ ಒದ್ದೆ ಕಲೆ, ಕಂದು ಕಲೆ. ಮೇಲಿನ ಕೋಣೆಯಲ್ಲಿ ಹೊಗೆ ವಾಸನೆ. ಪೈಪಿನ ಯಾವುದಾದರೂ ಭಾಗ ಕೆಂಪಗೆ ಹೊಳೆದದ್ದು, ಬಣ್ಣ ಬಿಳಿಚಿದ್ದು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಠಣ್ ಅನ್ನುವ ಬದಲು ಮೊದ್ದು ಸದ್ದು, ಅಂದರೆ ಒಳಗೆ ಮಸಿ ತುಂಬಿದೆ ಅಥವಾ ತಗಡು ಸವೆದಿದೆ. ಒಳಗಿನ ಪದರ 3 ಮಿಲಿಮೀಟರ್ ದಪ್ಪ ಬಂದರೆ ಶುಚಿ ಮಾಡಲೇಬೇಕು. ಪದರ ಕಾಣಲಿ ಬಿಡಲಿ, ವರ್ಷಕ್ಕೆ ಒಮ್ಮೆ ಪೂರ್ತಿ ಪರೀಕ್ಷೆ ಮಾಡಿ.

ಚಿಮಣಿಯೊಳಗಿಂದ ರೈಲು ಹೋದ ಹಾಗೆ ಭೋರ್ ಅನ್ನುವ ಸದ್ದು ಬಂದು ಪೈಪು ನಡುಗಿದರೆ ಚಿಮಣಿ ಹತ್ತಿಕೊಂಡಿದೆ. ಒಳಗಿನ ಬಿಸಿ 1,000 ಡಿಗ್ರಿ ದಾಟಬಹುದು. ಒಲೆಯ ಬಾಗಿಲು, ಗಾಳಿ ಕಿಂಡಿ ಎಲ್ಲ ಮುಚ್ಚಿ, ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಮೇಲಿನಿಂದ ನೀರು ಸುರಿಯಬೇಡಿ, ಕಾದ ಲೈನರ್ ಪಟ್ಟನೆ ಸೀಳುತ್ತದೆ. ಬೆಂಕಿ ತಾನಾಗಿ ಆರಿದಂತೆ ಕಂಡರೂ ಪರಿಣತರು ಚಿಮಣಿಯ ಒಳಗೆ ಕ್ಯಾಮೆರಾ ಇಳಿಸಿ ನೋಡುವವರೆಗೆ ಆ ಒಲೆಗೆ ಒಂದು ಕಡ್ಡಿಯನ್ನೂ ಹಾಕಬೇಡಿ.